ಅರಿಶಿನದ ಮಾತು ಆಮೇಲೆ, ಅಡಿಕೆಯ ಮಾತು ಮೊದಲು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ, ಠಾಣೆ ಕಡೆಯಿಂದ ಭಾನುವಾರ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ದಾಟಿಕೊಂಡು ಮುಂಬಯಿಯ ಈ ಮಾಟುಂಗಾಕ್ಕೆ ಬಂದಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ.

ನಾನು ಆಹಾರ ತಜ್ಞೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. "ಮೇಡಂ, ಕ್ಯಾನ್ಸರ್ ಬರಬಾರದು ಅಂದ್ರೆ ಏನು ತಿನ್ನಬೇಕು?" ಅರಿಶಿನ ಹಾಲು, ಗೋಧಿ ಹುಲ್ಲಿನ ರಸ, ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಅವರ ಬಾಯಲ್ಲಿರುತ್ತದೆ. ಕೆಲವರ ಬಾಯಲ್ಲಿ ಆಗಲೇ ಒಂದು ಹೋಳು ಅಡಿಕೆಯೂ ಇರುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ಶಿರಸಿಯವರಿದ್ದೀರಿ, ಪುತ್ತೂರಿನವರಿದ್ದೀರಿ. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅಡಿಕೆ ತೋಟವೇ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಹಾಕಿದೆ. ತಂಬಾಕು ಬೆರೆತದ್ದಲ್ಲ, ಬರೀ ಅಡಿಕೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧವಾದಾಗ ಎಷ್ಟೋ ಜನ "ನಾನು ಸುಪಾರಿ ಮಾತ್ರ ಹಾಕೋದು" ಅಂತ ನಿರಾಳವಾಗಿದ್ದರು. ಅದೇ ತಪ್ಪು ಲೆಕ್ಕ.

ಒಬ್ಬ ಹುಡುಗ ನೆನಪಾಗುತ್ತಾನೆ. ಇಪ್ಪತ್ತಾರು ವರ್ಷ. ಮೀಠಾ ಸುಪಾರಿ ಪೊಟ್ಟಣ ದಿನವಿಡೀ ಜೇಬಲ್ಲಿ. ಬಾಯಿ ತೆರೆಯಲು ಹೇಳಿದರೆ ಒಂದೂವರೆ ಬೆರಳಷ್ಟೇ ತೆರೆಯಿತು. ಕೆನ್ನೆಯ ಒಳಗೆಲ್ಲ ಬಿಳಚಿ, ಹಗ್ಗದಂತೆ ಗಟ್ಟಿ. ಸಾಂಬಾರು ತಾಗಿದರೂ ಉರಿ. ಇಡ್ಲಿಯನ್ನು ಹಾಲಿನಲ್ಲಿ ಹಿಸುಕಿ, ಚಮಚ ಓರೆ ಮಾಡಿ ಒಳಗೆ ತಳ್ಳುತ್ತಿದ್ದ. ಅದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಈಗಲೇ ನೋಡಿಕೊಳ್ಳಿ: ಮೂರು ಬೆರಳು ಜೋಡಿಸಿ ನಿಲ್ಲಿಸಿ, ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಹಿಡಿಸುತ್ತದಾ? ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಿ.

ಕುಡಿತವೂ ಅದೇ ಮೊದಲ ಗುಂಪಿನಲ್ಲಿದೆ. ವೈನ್ ಒಳ್ಳೆಯದಂತೆ ಅನ್ನುವವರಿಗೆ ನನ್ನಲ್ಲಿ ರಿಯಾಯಿತಿ ಇಲ್ಲ.

ಸಾಸೇಜ್, ಸಲಾಮಿ ತಿನ್ನುವವರಿಗೆ ಒಂದು ಮಾತು. ಇಂಥ ಸಂಸ್ಕರಿಸಿದ ಮಾಂಸ ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು 18% ಹೆಚ್ಚುತ್ತದೆ ಅಂತ ಅದೇ ಸಂಸ್ಥೆ 2015ರಲ್ಲಿ ಹೇಳಿತು. ನೂರರಲ್ಲಿ ಹದಿನೆಂಟು ಮಂದಿಗೆ ಬರುತ್ತದೆ ಅಂತಲ್ಲ. ಇರುವ ಸಾಧ್ಯತೆಯೇ ಅಷ್ಟು ಪಾಲು ಏರುತ್ತದೆ. ಅಪರೂಪಕ್ಕೆ ತಿಂದವರು ಹೆದರಿ ಕೂರಬೇಕಿಲ್ಲ.

ಇನ್ನು ಸೇರಿಸುವ ವಿಷಯ. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ, ಆಲೂಗಡ್ಡೆ ಲೆಕ್ಕಕ್ಕಿಲ್ಲ. ಅಂದರೆ ವಡಾಪಾವ್‌ನ ವಡೆ ತರಕಾರಿ ಅಲ್ಲ, ಪಾವ್ ಬರೀ ಮೈದಾ. ನಾರು ಬೇಕು. ಕರುಳಿನ ಕ್ಯಾನ್ಸರ್ ಅಪಾಯ ತಗ್ಗಿಸುವುದರಲ್ಲಿ ನಾರಿನ ಆಹಾರಕ್ಕೆ ಒಳ್ಳೆಯ ಆಧಾರವಿದೆ. ಊರಿನದು ಇಲ್ಲಿ ಸಿಗಲ್ಲ ಅಂತ ಗೊಣಗಬೇಡಿ. ರಾಗಿಗೆ ಇಲ್ಲಿ ನಾಚಣಿ ಅಂತಾರೆ, ಬಸಳೆಗೆ ಮಾಯಾಳು, ಹರಿವೆಗೆ ಮಾಠ. ಕೆಳಗಿನ ಮಾರ್ಕೆಟ್ಟಿನಲ್ಲಿ ಬಾಳೆ ಎಲೆಯೇ ಸಿಗುತ್ತದೆ, ಸೊಪ್ಪು ಸಿಗಲ್ವಾ?

ಮಳೆಗಾಲದಲ್ಲಿ ಶೇಂಗಾ ಡಬ್ಬಿ ತೆರೆದು ನೋಡಿ. ಮುಂಬಯಿಯ ತೇವಕ್ಕೆ ಕಾಳಿನ ಮೇಲೆ ಹಸಿರು ಬೂಸ್ಟು ಬರುತ್ತದೆ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎನ್ನುವ ವಿಷ ಇರಬಹುದು. ಅದರಿಂದ ಲಿವರ್ ಕ್ಯಾನ್ಸರ್ ಬರಬಹುದು. ಹುರಿದರೂ ಪೂರ್ತಿ ಹೋಗುವುದಿಲ್ಲ. ನಮ್ಮತ್ತೆ ಬೂಸ್ಟು ಹಿಡಿದದ್ದನ್ನು ಒರೆಸಿ ಚಟ್ನಿಪುಡಿಗೆ ಹಾಕುತ್ತಿದ್ದರು. ಅದನ್ನು ಎಸೆಯಲು ಅವರನ್ನು ಒಪ್ಪಿಸುವುದಕ್ಕೆ ನನಗೆ ಎರಡು ಮಳೆಗಾಲ ಬೇಕಾಯಿತು. ಈಗ ಸ್ವಲ್ಪ ಸ್ವಲ್ಪವೇ ತಂದು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡುತ್ತೇವೆ.

ಅರಿಶಿನ? ಸಾರಿಗೆ ಹಾಕಿ, ಚೆನ್ನಾಗಿರುತ್ತದೆ. ಅದನ್ನು ನಂಬಿ ಬಾಯೊಳಗಿನ ಹುಣ್ಣನ್ನು ಮೂರು ವಾರ ತೋರಿಸದೆ ಇರಬೇಡಿ.

ಬಾಗಿಲ ಹತ್ತಿರ ತಾಂಬೂಲದ ತಟ್ಟೆ ಇದೆ. ಕಾರ್ಯದರ್ಶಿಗಳಿಗೆ ಹೇಳಿ ಅಡಿಕೆ ತೆಗೆಸಿ, ಲವಂಗ, ಸೋಂಪು ಇಡಿಸಿದ್ದೇನೆ. ಮೂರನೇ ಸಾಲಿನ ರಾಯರು ಆಗಲೇ ಮುಖ ಸಿಂಡರಿಸಿ ಆಯಿತು. ಪ್ರಶ್ನೆಗಳು ಅವರಿಂದಲೇ ಶುರುವಾಗಲಿ.