ಆರ್ಕೆಸ್ಟ್ರಾ ನಡೆಸುವವನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ, ಮದುವೆಯ ಆರತಕ್ಷತೆಯಲ್ಲಿ ಚಿತ್ರಗೀತೆ ಹಾಡುವ ಕಾರ್ಯಕ್ರಮವನ್ನು ಕರಪತ್ರಗಳು ರಸಮಂಜರಿ ಎನ್ನುತ್ತವೆ; ಜನ ಆರ್ಕೆಸ್ಟ್ರಾ ಎನ್ನುತ್ತಾರೆ. ಅಂಥದೊಂದು ತಂಡವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದೇನೆ. ನಾವು ಹಾಡುವ ಹಾಡುಗಳಲ್ಲಿ ಒಂದೂ ನಮ್ಮದಲ್ಲ. ಕೆಲಸದ ಕಷ್ಟ ಶುರುವಾಗುವುದೇ ಅಲ್ಲಿಂದ, ಏಕೆಂದರೆ ಎದುರಿಗೆ ಕುಳಿತವರಿಗೆಲ್ಲ ಆ ಹಾಡು ನಮಗಿಂತ ಮೊದಲೇ ಬಾಯಿಪಾಠವಾಗಿರುತ್ತದೆ.

‘ಅಣ್ಣಾವ್ರದ್ದು ಒಂದು ಹಾಡು’ ಎಂದು ಚೀಟಿ ಬಂದರೆ ನಾವು ಮೊದಲು ಕೇಳಿಕೊಳ್ಳುವುದು, ಯಾವ ಕಾಲದ್ದು ಎಂದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಮುಂಚೆ ರಾಜ್‌ಕುಮಾರ್ ಅವರ ಹಾಡುಗಳನ್ನು ಬಹುಪಾಲು ಹಾಡಿದವರು ಪಿ.ಬಿ. ಶ್ರೀನಿವಾಸ್, ಆಮೇಲೆ ರಾಜ್‌ಕುಮಾರ್ ಅವರೇ ಹಾಡತೊಡಗಿದರು. ಶ್ರೀನಿವಾಸ್ ಅವರದು ಮೆತ್ತಗೆ ಹರಿಯುವ ದನಿ, ರಾಜ್‌ಕುಮಾರ್ ಅವರದು ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ತೆರೆದುಕೊಂಡ ಕಂಠ. ಎರಡನ್ನೂ ಒಪ್ಪುವಂತೆ ಹಾಡುವ ಒಬ್ಬನೇ ಗಾಯಕ ಸಿಗುವುದು ಕಷ್ಟ. ಸಿಕ್ಕರೆ ಅವನನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಎಸ್. ಜಾನಕಿಯವರ ಹಾಡಾದರಂತೂ ಗಾಯಕಿ ವೇದಿಕೆ ಹತ್ತುವ ಮುನ್ನ ಕಿವಿಯಲ್ಲಿ ‘ಅರ್ಧ ಮನೆ ಇಳಿಸಿ’ ಎನ್ನುತ್ತಾಳೆ, ಅಂದರೆ ಶ್ರುತಿ ತುಸು ತಗ್ಗಿಸಿ ಎಂದು. ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಸುಮ್ಮನಾಗುತ್ತಾನೆ. ಕೊಳಲಿನವನು ಬೇರೆ ಶ್ರುತಿಯ ಕೊಳಲನ್ನು ಚೀಲದಲ್ಲಿ ಹುಡುಕಬೇಕು.

ನಾನು ಶುರುಮಾಡಿದಾಗ ತಬಲಾ, ಢೋಲಕ್, ಕಾಂಗೋ, ಡ್ರಮ್ ಎಂದು ತಾಳಕ್ಕೇ ನಾಲ್ವರಿದ್ದರು. ಸಾಲ ಮಾಡಿ ರಿದಂ ಪ್ಯಾಡ್ ಕೊಂಡ ವರ್ಷ ಅವರಲ್ಲಿ ಇಬ್ಬರಿಗೆ ಕೆಲಸವಿಲ್ಲವಾಯಿತು. ಪ್ಯಾಡಿನ ಒಂದು ಚೌಕದಲ್ಲಿ ಢೋಲಕ್ ಇರುತ್ತದೆ, ಇನ್ನೊಂದರಲ್ಲಿ ಕಾಂಗೋ. ಅದು ಊಟ ಕೇಳುವುದಿಲ್ಲ, ಗಾಡಿಯಲ್ಲಿ ಸೀಟೂ ಕೇಳುವುದಿಲ್ಲ. ಆ ಲೆಕ್ಕ ಅಂದು ನನಗೆ ಸರಿಯಾಗಿಯೇ ಕಂಡಿತ್ತು.

ನಮ್ಮ ಪಂಚಾಂಗವೇ ಬೇರೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ವಾದ್ಯಗಳು ಮೂಲೆ ಸೇರುತ್ತವೆ. ರಾಜ್ಯೋತ್ಸವವನ್ನು ತಿಂಗಳಿಡೀ ಆಚರಿಸುವುದರಿಂದ ನವೆಂಬರ್‌ನಲ್ಲಿ ಮಾತ್ರ ಒಂದೇ ದಿನಕ್ಕೆ ಮೂರು ಊರುಗಳಿಂದ ಕರೆ ಬರುತ್ತದೆ. 2020ರಲ್ಲಿ ಕೋವಿಡ್ ಆ ನವೆಂಬರನ್ನೂ ನುಂಗಿತು. ಎರಡು ಸ್ಪೀಕರುಗಳನ್ನು ಮಾರಿ ನಾನು ಮನೆ ಬಾಡಿಗೆ ಕಟ್ಟಿದೆ. ಮರುವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾವು ಹತ್ತಿದ ಪ್ರತಿ ವೇದಿಕೆಯಲ್ಲಿಯೂ ಅವರ ಹಾಡುಗಳದೇ ಬೇಡಿಕೆ; ಕುಣಿಯಲೆಂದೇ ಮಾಡಿದ ಹಾಡಿಗೆ ಜನ ನಿಂತಲ್ಲೇ ಅಳುವುದನ್ನು ನಾನು ನೋಡಿದ್ದು ಆಗಲೇ.

ಹಣದ ಮಾತು ಬೇಗ ಮುಗಿಸುತ್ತೇನೆ. ಮುಂಗಡ ಸೌಂಡಿನವರಿಗೂ ಗಾಡಿಗೂ ಸರಿಹೋಗುತ್ತದೆ; ವಾದ್ಯದವರಿಗೂ ಗಾಯಕರಿಗೂ ಕೊಟ್ಟು ಉಳಿದದ್ದು ನನ್ನದು, ಉಳಿದರೆ. 2000ನೆಯ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಏಳಕ್ಕೆ ಬರಬೇಕಾದ ಮುಖ್ಯ ಅತಿಥಿಗಳು ಎಂಟೂವರೆಗೆ ಬಂದು, ಸನ್ಮಾನ, ಹಾರ, ಭಾಷಣಗಳೆಲ್ಲ ಮುಗಿದು ಮೈಕು ನಮ್ಮ ಕೈಗೆ ಬರುವಷ್ಟರಲ್ಲಿ ಒಂಬತ್ತೂಕಾಲು ಆಗಿರುತ್ತದೆ. ಹತ್ತಕ್ಕೆ ಪೊಲೀಸರು ಬಂದು ನಿಲ್ಲುತ್ತಾರೆ. ಆಮೇಲೆ ಸಂಘದ ಖಜಾಂಚಿ ಬೆರಳು ಮಡಚಿ, ‘ಎಂಟೇ ಹಾಡು ಹಾಡಿದ್ದೀರಲ್ಲ ಸಾರ್’ ಎಂದು ಬಾಕಿಯಲ್ಲಿ ಚೌಕಾಸಿಗೆ ಇಳಿಯುತ್ತಾರೆ. ಈಗ ನಾನು ಬಾಕಿಯನ್ನು ಗಣಪತಿ ಸ್ತುತಿಗೆ ಮುಂಚೆಯೇ ಕೇಳಿ ಪಡೆಯುತ್ತೇನೆ.

ಈಚೆಗೆ ಹಲವರು ‘ಇಬ್ಬರು ಗಾಯಕರು ಸಾಕು, ಟ್ರ್ಯಾಕ್ ಹಾಕಿ ಹಾಡಲಿ’ ಎನ್ನುತ್ತಾರೆ; ಟ್ರ್ಯಾಕ್ ಎಂದರೆ ಮೊದಲೇ ಮುದ್ರಿಸಿಟ್ಟ, ಲ್ಯಾಪ್‌ಟಾಪಿನಿಂದ ಹಾಕುವ ವಾದ್ಯಸಂಗೀತ. ಕಳೆದ ವರ್ಷ ಕೈ ಖಾಲಿಯಿದ್ದಾಗ ಒಂದು ಹುಟ್ಟುಹಬ್ಬಕ್ಕೆ ನಾನೂ ಒಪ್ಪಿದೆ. ಖರ್ಚು ಕಡಿಮೆ, ತಪ್ಪು ಸ್ವರವಿಲ್ಲ, ಯಾರೂ ತಡವಾಗಿ ಬರಲಿಲ್ಲ. ನಡುವೆ ಒಂದು ಹಾಡಿಗೆ ಮನೆಯ ಅಜ್ಜಿಯೊಬ್ಬರು ಎದ್ದು ಬಂದು ಮೊಮ್ಮಗನ ಕೈ ಹಿಡಿದು ಕುಣಿಯತೊಡಗಿದರು. ವಾದ್ಯದವರಿದ್ದರೆ ನಾನು ಕೈ ಎತ್ತಿ ಸನ್ನೆ ಮಾಡುತ್ತಿದ್ದೆ, ಅವರು ಪಲ್ಲವಿಯನ್ನೇ ಇನ್ನು ನಾಲ್ಕು ಸಲ ಸುತ್ತುತ್ತಿದ್ದರು. ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದಿತು, ಗಾಯಕನೂ ಪಲ್ಲವಿಗೆ ಮರಳಿದ. ಲ್ಯಾಪ್‌ಟಾಪ್ ಆಗಲೇ ಎರಡನೆಯ ಚರಣಕ್ಕೆ ಹೋಗಿಯಾಗಿತ್ತು.