ಬೆಕ್ಕಿನ ಮೂಳೆ ಕ್ಯಾನ್ಸರ್: ನಾಯಿಯ ಲೆಕ್ಕ ಬೆಕ್ಕಿಗೆ ಹಾಕಬೇಡಿ

[ಸ್ಕ್ರೀನ್ ಮೇಲೆ: ಹಿಂಗಾಲು ಎಳೆದುಕೊಂಡು ನಡೆಯುವ ಬೆಕ್ಕು]

ನಮಸ್ಕಾರ. ಯಲಹಂಕದಿಂದ ಒಬ್ಬರು ಕೇಳಿದ್ದಾರೆ: "ನಮ್ಮ ಬೆಕ್ಕಿನ ಹಿಂಗಾಲಲ್ಲಿ ಮೂಳೆ ಗಡ್ಡೆ ಇದೆ ಅಂದ್ರು. ನೆಟ್‌ನಲ್ಲಿ ನೋಡಿದ್ರೆ ಕಾಲು ತೆಗೆಸಿದ್ರೂ ನಾಲ್ಕೈದು ತಿಂಗಳಷ್ಟೇ ಅಂತಿದೆ. ನಿಜಾನಾ?"

ಅದು ನಾಯಿಯ ಲೆಕ್ಕ. ಗಡ್ಡೆ ಒಂದೇ, ಆಸ್ಟಿಯೋಸಾರ್ಕೋಮಾ, ಅಂದ್ರೆ ಮೂಳೆಯಲ್ಲೇ ಹುಟ್ಟೋ ಕ್ಯಾನ್ಸರ್. ಆದರೆ ನಾಯಿಯಲ್ಲಿ ಅದು ಪತ್ತೆಯಾಗೋ ಹೊತ್ತಿಗೆ ಕ್ಯಾನ್ಸರ್ ಕಣಗಳು ಬಹುತೇಕ ಶ್ವಾಸಕೋಶ ಸೇರಿರುತ್ತವೆ. ಬೆಕ್ಕಿನಲ್ಲಿ ಹಾಗೆ ಹರಡೋದು ಹತ್ತರಲ್ಲಿ ಒಂದು, ಅಥವಾ ಅದಕ್ಕೂ ಕಮ್ಮಿ. ಕಾಲಿನ ಗಡ್ಡೆಯಾಗಿದ್ದು, ಕಾಲನ್ನ ಪೂರ್ತಿ ತೆಗೆದರೆ, ಎಷ್ಟೋ ಬೆಕ್ಕುಗಳು ಕೀಮೋ ಇಲ್ಲದೇ ಎರಡು ವರ್ಷಕ್ಕೂ ಮೇಲೆ ಚೆನ್ನಾಗಿ ಬದುಕ್ತವೆ.

ಲಕ್ಷಣ ಬೇಗ ಹೇಳಿಬಿಡ್ತೀನಿ. ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನ ಬೆಕ್ಕು. ಕುಂಟು, ಮಂಡಿಯ ಹತ್ತಿರ ಗಟ್ಟಿ ಊತ, ಸೋಫಾ ಹತ್ತೋದನ್ನೇ ಬಿಟ್ಟುಬಿಡೋದು. ಬೆಕ್ಕು ನೋವನ್ನ ಬಾಯಿಬಿಟ್ಟು ಹೇಳಲ್ಲ, ಮಂಚದ ಕೆಳಗೆ ಹೋಗಿ ಕೂರುತ್ತೆ. ಎರಡು ವಾರದಲ್ಲಿ ಕುಂಟು ಹೋಗದಿದ್ದರೆ ಎರಡು ಕೋನದಿಂದ ಎಕ್ಸ್‌ರೇ ಮಾಡಿಸಿ. ಗೆದ್ದಲು ತಿಂದ ಮರದ ಹಾಗೆ ಮೂಳೆ ಕರಗಿರುತ್ತೆ, ಅಂಚಲ್ಲಿ ಹೊಸ ಮೂಳೆ ಒರಟಾಗಿ ಬೆಳೆದಿರುತ್ತೆ. ಹಳೇ ಸೋಂಕೂ ಹೀಗೇ ಕಾಣಬಹುದು. ಅದಕ್ಕೇ ಸೂಜಿಯಲ್ಲಿ ಕಣ ತೆಗೆದು ನೋಡೋದು, ಇಲ್ಲಾ ಬಯಾಪ್ಸಿ, ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ.

[ಸ್ಕ್ರೀನ್ ಮೇಲೆ: ಪಂಜದ ಕ್ಲೋಸಪ್]

ಈಗ ಸ್ವಲ್ಪ ನಿಲ್ಲೋಣ, ಈ ಪಂಜ ನೋಡಿ. ಒಂದು ಬೆರಳು ಊದಿದೆ. ಉಗುರು ಒಳಗೆ ಹೋಗ್ತಿಲ್ಲ, ಹೊರಗೇ ನಿಂತುಬಿಟ್ಟಿದೆ. ಬುಡದಲ್ಲಿ ಕೀವು. ಯಾರಾದರೂ ಉಗುರು ಸೋಂಕು ಅಂತ ಆ್ಯಂಟಿಬಯೋಟಿಕ್ ಕೊಡ್ತಾರೆ, ವಾಸಿಯಾಗಲ್ಲ, ಆಮೇಲೆ ಬೆರಳು ತೆಗೀತಾರೆ. ವಾರಗಳಲ್ಲಿ ಇನ್ನೊಂದು ಪಾದದ ಬೆರಳು ಊದುತ್ತೆ! ಯಾಕಂದ್ರೆ ಕ್ಯಾನ್ಸರ್ ಹುಟ್ಟಿದ್ದು ಬೆರಳಲ್ಲಲ್ಲ, ಶ್ವಾಸಕೋಶದಲ್ಲಿ. ಅಲ್ಲಿಂದ ಕಣಗಳು ರಕ್ತದ ಜೊತೆ ಹರಿದು ಉಗುರು ಹೊರುವ ತುದಿಮೂಳೆಯಲ್ಲಿ ನೆಲೆಸ್ತವೆ. ಎಷ್ಟೋ ಬೆಕ್ಕುಗಳಿಗೆ ಕೆಮ್ಮು ಕೂಡ ಇರಲ್ಲ. ಮನೆಯವರಿಗೆ ಮೊದಲು ಕಾಣೋದೇ ಕುಂಟು. ಇಲ್ಲಿ ಬೆರಳು ತೆಗೆಸಿ ಏನೂ ಉಪಯೋಗವಿಲ್ಲ, ಉಳಿದಿರೋದು ಸಾಮಾನ್ಯವಾಗಿ ಒಂದೆರಡು ತಿಂಗಳು. ಆ ಸಮಯದಲ್ಲಿ ಬೆಕ್ಕಿಗೆ ಆಪರೇಷನ್ ನೋವು ಕೊಡೋದು ನನಗೆ ಖಂಡಿತ ಸರಿ ಕಾಣಲ್ಲ.

ಹಾಗಾಗಿ ಬೆರಳಿರಲಿ, ಕಾಲಿರಲಿ, ಕತ್ತರಿ ಇಡೋ ಮುಂಚೆ ಎದೆಯ ಎಕ್ಸ್‌ರೇ ಆಗಲೇಬೇಕು: ಎಡಮಗ್ಗುಲು, ಬಲಮಗ್ಗುಲು, ನೇರ, ಮೂರೂ. ಜೊತೆಗೆ ರಕ್ತಪರೀಕ್ಷೆ. ವಯಸ್ಸಾದ ಬೆಕ್ಕಲ್ವಾ, ಅರಿವಳಿಕೆ ಕೊಡೋ ಮುಂಚೆ ಕಿಡ್ನಿ ಹೇಗಿದೆ ನೋಡ್ಕೋಬೇಕು. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗ್ತಿದ್ದರೆ ಹಳೇ ಎಕ್ಸ್‌ರೇ, ರಿಪೋರ್ಟು ಎಲ್ಲಾ ಒಯ್ಯಿರಿ.

ಆಪರೇಷನ್‌ನಲ್ಲಿ ಮುಂಗಾಲಾದರೆ ಹೆಗಲಿನ ಮೂಳೆ ಸಮೇತ ತೆಗೀತಾರೆ. ಹಿಂಗಾಲಿನ ಗಡ್ಡೆಗೆ ಸಾಮಾನ್ಯವಾಗಿ ಸೊಂಟದ ಕೀಲಿನ ಹತ್ತಿರದವರೆಗೂ. ತೆಗೆದ ಕಾಲನ್ನ ಲ್ಯಾಬಿಗೆ ಕಳಿಸಿ ಅಂತ ನೀವೇ ಕೇಳಿ. ಗಡ್ಡೆ ಯಾವುದು, ಕತ್ತರಿಸಿದ ಅಂಚಲ್ಲಿ ಕ್ಯಾನ್ಸರ್ ಕಣ ಇಲ್ವಾ ಅಂತ ಗೊತ್ತಾಗೋದು ಅಲ್ಲೇ.

ಮನೆಗೆ ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ, ಹೊಲಿಗೆ ಬಿಚ್ಚೋವರೆಗೂ ಕುತ್ತಿಗೆಗೆ ಕೋನ್ ಇರಲಿ. ಟೈಲ್ಸ್ ನೆಲ ಜಾರುತ್ತೆ, ಚಾಪೆ ಹಾಸಿ. ಲಿಟರ್ ಟ್ರೇ ಅಂಚು ತಗ್ಗಿರಲಿ, ಗಾಯಕ್ಕೆ ಕಾಳು ಅಂಟದ ಹಾಗೆ ಪೇಪರ್ ಚೂರು ಹಾಕಿ. ಬಾಲ್ಕನಿಗೆ ನೆಟ್ ಕಡ್ಡಾಯ. ಒಂದಿಡೀ ದಿನ ಊಟ ಮುಟ್ಟದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ, ಹಸಿದ ಬೆಕ್ಕಿನ ಲಿವರ್ ಬೇಗ ಕೆಡುತ್ತೆ.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ ಹೇಳ್ತೀನಿ. ದವಡೆ, ತಲೆಬುರುಡೆ, ಬೆನ್ನುಮೂಳೆಯ ಗಡ್ಡೆ ಪೂರ್ತಿ ತೆಗೆಯೋದು ಕಷ್ಟ, ಫಲಿತಾಂಶವೂ ಅಷ್ಟು ಚೆನ್ನಾಗಿರಲ್ಲ. ತೆಗೆಯೋಕೆ ಆಗದಿದ್ದರೆ ನೋವು ತಗ್ಗಿಸೋದೇ ಮುಖ್ಯ ಚಿಕಿತ್ಸೆ: ಬ್ಯುಪ್ರಿನಾರ್ಫಿನ್, ಗ್ಯಾಬಪೆಂಟಿನ್, ಕೆಲವೊಮ್ಮೆ ರೇಡಿಯೇಷನ್. ಡೋಸ್ ಡಾಕ್ಟರೇ ಹೇಳಬೇಕು. ಡೋಲೋ, ಕ್ರೋಸಿನ್ ದಯವಿಟ್ಟು ಕೊಡಲೇಬೇಡಿ. ಪ್ಯಾರಾಸಿಟಮಾಲ್ ಅರಗಿಸಿಕೊಳ್ಳೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದೇ ಮಾತ್ರೆ ಸಾಕು ಪ್ರಾಣ ಹೋಗೋಕೆ. ತಪ್ಪಿ ನುಂಗಿದ್ದರೆ ಒಸಡು ಕಂದುಬಣ್ಣಕ್ಕೆ ತಿರುಗೋವರೆಗೂ ಕಾಯದೆ, ಮಾತ್ರೆಯ ಪಟ್ಟಿ ಹಿಡ್ಕೊಂಡೇ ಆಸ್ಪತ್ರೆಗೆ ಓಡಿ.