ಸೈಕಲ್ ಹಾದಿಯ ಏರಿಳಿತ: ಅಳೆದದ್ದೆಷ್ಟು, ಲೆಕ್ಕ ಹಾಕಿದ್ದೆಷ್ಟು?

ಸ್ನೇಹಿತರೇ,

ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಸೈಕಲ್ ತುಳಿದ ಇಬ್ಬರು ಸವಾರಿ ಮುಗಿಸಿ ತಮ್ಮ ತಮ್ಮ ಜಿಪಿಎಸ್ ನೋಡುತ್ತಾರೆ ಎನ್ನಿ. ದೂರ ಹೆಚ್ಚುಕಡಿಮೆ ಒಂದೇ. ಒಟ್ಟು ಏರು, ಅಂದರೆ ದಾರಿಯಲ್ಲಿ ಹತ್ತಿದ್ದನ್ನೆಲ್ಲ ಕೂಡಿದ ಎತ್ತರ, ಮಾತ್ರ ಒಬ್ಬರದ್ದರಲ್ಲಿ 600 ಮೀಟರ್, ಇನ್ನೊಬ್ಬರದ್ದರಲ್ಲಿ 850. ಯಾರ ಉಪಕರಣ ಕೆಟ್ಟಿದೆ ಎಂಬ ವಾದ ಅಲ್ಲಿಯೇ ಹುಟ್ಟುತ್ತದೆ. ಎರಡೂ ಸರಿಯಾಗಿಯೇ ಇರಬಹುದು ಎಂದರೆ ಇಬ್ಬರಿಗೂ ಸಮಾಧಾನವಾಗುವುದಿಲ್ಲ. ಆದರೂ ನಾನು ಹೇಳಬೇಕೆಂದಿರುವುದು ಅದನ್ನೇ. ಒಟ್ಟು ಏರು ಎಂಬುದು ನೇರವಾಗಿ ಅಳೆದು ಬಂದ ಸಂಖ್ಯೆಯಲ್ಲ. ಯಾವ ಉಬ್ಬನ್ನು ಏರು ಎಂದು ಒಪ್ಪಬೇಕು, ಯಾವುದನ್ನು ತಳ್ಳಿಹಾಕಬೇಕು ಎಂದು ತಂತ್ರಾಂಶ ತೀರ್ಮಾನಿಸಿದ ಮೇಲೆ ಹುಟ್ಟುವ ಸಂಖ್ಯೆ ಅದು.

ಎತ್ತರ ಎಲ್ಲಿಂದ ಸಿಗುತ್ತದೆ ಎಂಬುದರಿಂದಲೇ ಶುರುಮಾಡೋಣ. ಅಕ್ಷಾಂಶ, ರೇಖಾಂಶಗಳನ್ನು ಗುರುತಿಸುವಾಗ ಜಿಪಿಎಸ್‌ಗೆ ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಉಪಗ್ರಹಗಳ ನೆರವು ದೊರೆಯುತ್ತದೆ. ಎತ್ತರದ ವಿಷಯದಲ್ಲಿ ಆ ಭಾಗ್ಯವಿಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲಿನವೇ. ಕಾಲ ಕೆಳಗಿನವನ್ನು ಭೂಮಿಯೇ ಮರೆಮಾಡಿರುತ್ತದೆ. ಹೀಗಾಗಿ ಎತ್ತರದಲ್ಲಿನ ತಪ್ಪು ಸಾಮಾನ್ಯವಾಗಿ ಸ್ಥಳದಲ್ಲಿನ ತಪ್ಪಿನ ಒಂದೂವರೆ ಪಟ್ಟು, ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ಆಗಿನ ಕೈ ಜಿಪಿಎಸ್ ತೋರಿಸುತ್ತಿದ್ದ ಎತ್ತರವನ್ನು ನಂಬಿ ಏರಿಳಿತದ ಚಿತ್ರ (ಹಾದಿಯುದ್ದಕ್ಕೂ ಎತ್ತರ ತೋರಿಸುವ ಗೆರೆ) ಬರೆಯುವುದು ಸಾಧ್ಯವೇ ಇರಲಿಲ್ಲ.

ಇನ್ನೊಂದು ತೊಡಕು ಸಮುದ್ರಮಟ್ಟದ್ದು. ಜಿಪಿಎಸ್ ಎತ್ತರವನ್ನು ಲೆಕ್ಕ ಹಾಕುವುದು ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ನುಣುಪಾದ ಮೇಲ್ಮೈಯಿಂದ. ನಿಜವಾದ ಸಮುದ್ರಮಟ್ಟ ಗುರುತ್ವದ ಏರುಪೇರಿಗೆ ತಕ್ಕಂತೆ ಅದರಿಂದ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಶ್ರೀಲಂಕಾದ ದಕ್ಷಿಣಕ್ಕಿರುವ ಸಮುದ್ರದಲ್ಲಿ ಈ ವ್ಯತ್ಯಾಸ ನೂರು ಮೀಟರನ್ನೂ ಮೀರುತ್ತದೆ. ಉಪಕರಣಗಳು ಇದನ್ನು ಒಂದು ಕೋಷ್ಟಕ ನೋಡಿ ಸರಿಪಡಿಸುತ್ತವೆ. ಕೆಲವು ಫೋನ್ ತಂತ್ರಾಂಶಗಳು ಸರಿಪಡಿಸುವುದಿಲ್ಲ. ಸರಿಪಡಿಸದಿದ್ದರೂ ಚಿತ್ರದ ಆಕಾರ ಕೆಡದು, ಇಡೀ ಚಿತ್ರ ಮೇಲೆ ಅಥವಾ ಕೆಳಗೆ ಜರುಗುತ್ತದೆ ಅಷ್ಟೇ. ಸವಾರರಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ.

ಆಕಾರ ಬೇಕೆಂದರೆ ನನ್ನ ಮತ ವಾಯುಭಾರಮಾಪಕಕ್ಕೆ. ಇದು ಹಳೆಯ ವಿದ್ಯೆ. 1648ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲನ ಭಾವ ಫ್ಲೋರಿನ್ ಪೆರಿಯೆ ಫ್ರಾನ್ಸಿನ ಪ್ಯುಯ್ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತು ಹತ್ತಿ, ಮೇಲೇರಿದಂತೆ ಪಾದರಸ ಇಳಿಯುವುದನ್ನು ತೋರಿಸಿಕೊಟ್ಟ. ಇಂದಿನ ಹಲವು ಕೈ ಜಿಪಿಎಸ್‌ಗಳಲ್ಲಿ ಅದೇ ಕೆಲಸವನ್ನು ಒಂದು ಪುಟ್ಟ ಸಂವೇದಕ ಮಾಡುತ್ತದೆ. ಸಮುದ್ರಮಟ್ಟದ ಆಸುಪಾಸಿನಲ್ಲಿ ಸುಮಾರು 8 ಮೀಟರ್ ಏರಿದರೆ ಗಾಳಿಯ ಒತ್ತಡ 1 ಹೆಕ್ಟೋಪಾಸ್ಕಲ್ (ಒತ್ತಡದ ಒಂದು ಅಳತೆ) ಕುಸಿಯುತ್ತದೆ. ಒಂದೆರಡು ಮೀಟರಿನ ಉಬ್ಬನ್ನೂ ಅದು ಹಿಡಿಯಬಲ್ಲದು. ಆದರೆ ಹವೆ ಬದಲಾದರೂ ಒತ್ತಡ ಬದಲಾಗುತ್ತದಲ್ಲ! ಸವಾರಿಯ ನಡುವೆ ಮೋಡ ಕಟ್ಟಿ ಒತ್ತಡ 3 ಹೆಕ್ಟೋಪಾಸ್ಕಲ್ ಇಳಿದರೆ, ನಿಂತಲ್ಲೇ ಇಪ್ಪತ್ತೈದು ಮೀಟರ್ ಏರಿದಂತೆ ದಾಖಲಾಗುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಹೊರಟ ಜಾಗಕ್ಕೇ ಮರಳುವ ಸವಾರಿಯಲ್ಲಿ ಮೊದಲ ಮತ್ತು ಕೊನೆಯ ಬಿಂದುಗಳ ಎತ್ತರ ಒಂದೇ ಇರಬೇಕು. ವ್ಯತ್ಯಾಸ ಬಂದರೆ ಅದನ್ನು ಸವಾರಿಯ ಉದ್ದಕ್ಕೂ ಸಮಯಕ್ಕೆ ತಕ್ಕಂತೆ ಹಂಚಿ ಕಳೆಯಬಹುದು. ಹೊರಡುವ ಮೊದಲು ಭೂಪಟದಲ್ಲಿ ಗೊತ್ತಿರುವ ಎತ್ತರವನ್ನು ಉಪಕರಣಕ್ಕೆ ಕೊಡುವುದನ್ನು ಮರೆಯಬೇಡಿ. ಮಳೆನೀರು ಸಂವೇದಕದ ರಂಧ್ರವನ್ನು ಮುಚ್ಚಿದರೆ ಮಾತ್ರ ಯಾವ ಲೆಕ್ಕವೂ ನಡೆಯದು.

ಉಪಕರಣದ ಎತ್ತರವನ್ನೇ ಬಿಟ್ಟು, ಭೂಮೇಲ್ಮೈಯ ಸಿದ್ಧ ದತ್ತಾಂಶದಿಂದ ಎತ್ತರ ತುಂಬುವ ದಾರಿಯೂ ಇದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ದತ್ತಾಂಶ ಇದರಲ್ಲಿ ಹೆಸರಾಂತದ್ದು. ಅದು ನೆಲವನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದು ಎತ್ತರ ಕೊಡುತ್ತದೆ; ಚೌಕದ ಅಗಲ ಮೊದಲು ಸುಮಾರು 90 ಮೀಟರ್, ಆಮೇಲೆ 30 ಮೀಟರ್. ಬಯಲಿಗೆ ಇದು ಚೆನ್ನ. ಸೇತುವೆಯ ಮೇಲೆ ಹೋದವರನ್ನು ಅದು ಕಣಿವೆಗೆ ಇಳಿಸಿ ಹತ್ತಿಸುತ್ತದೆ, ಸುರಂಗದಲ್ಲಿ ಹೋದವರನ್ನು ಗುಡ್ಡದ ನೆತ್ತಿಗೆ ಏರಿಸುತ್ತದೆ. ಕಡಿದಾದ ಪಕ್ಕೆಯಲ್ಲಿ ಕೊರೆದ ರಸ್ತೆಯಲ್ಲಿ ಸ್ಥಾನ ಹತ್ತು ಮೀಟರ್ ತಪ್ಪಿದರೂ ಎತ್ತರ ಅಷ್ಟೇ ತಪ್ಪೀತು. ಘಟ್ಟದ ದಾರಿಗಳಿಗೆ ಇದನ್ನು ನಾನು ಬಳಸುವುದಿಲ್ಲ.

ಈಗ ಆ 600 ಮತ್ತು 850ರ ಜಗಳಕ್ಕೆ ಬರುತ್ತೇನೆ. ಪೂರ್ತಿ ಸಮತಟ್ಟಾದ ರಸ್ತೆಯಲ್ಲಿ ಒಂದು ಗಂಟೆ ಹೋಗಿದ್ದೀರಿ, ಉಪಕರಣ ಪ್ರತಿ ಸೆಕೆಂಡಿಗೆ ಒಂದು ಬಿಂದು ಬರೆದಿದೆ, ಎತ್ತರ ಒಂದು ಸೆಕೆಂಡು ಒಂದು ಮೀಟರ್ ಮೇಲೆ, ಮರು ಸೆಕೆಂಡು ಒಂದು ಮೀಟರ್ ಕೆಳಗೆ ಅಲುಗಾಡಿದೆ ಎಂದುಕೊಳ್ಳಿ. ಮೇಲೆ ಹೋದದ್ದನ್ನೆಲ್ಲ ಕೂಡಿದರೆ 1800 ಮೀಟರ್! ಒಂದು ದೊಡ್ಡ ಬೆಟ್ಟವನ್ನೇ ಹತ್ತಿದಂತಾಯಿತು. ಬೇರೆ ಅಳತೆಗಳಲ್ಲಿ ಹೆಚ್ಚುಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲಿ ಇಳಿದದ್ದನ್ನು ನಾವೇ ಲೆಕ್ಕದಿಂದ ಹೊರಗಿಟ್ಟಿರುವುದರಿಂದ ತಪ್ಪುಗಳು ಕೂಡುತ್ತವೆಯೇ ಹೊರತು ಕಳೆಯುವುದಿಲ್ಲ. ಅದಕ್ಕೇ ತಂತ್ರಾಂಶಗಳು ಒಂದು ಮಿತಿ ಇಟ್ಟುಕೊಳ್ಳುತ್ತವೆ: ಇಷ್ಟು ಮೀಟರ್ ಬಿಡದೆ ಏರಿದರೆ ಮಾತ್ರ ಅದು ಏರು. ಮಿತಿ 2 ಮೀಟರ್ ಆದರೆ ಇಂಥ ಸುಳ್ಳು ಅಲುಗಾಟದ ಗದ್ದಲ ಒಳನುಗ್ಗುತ್ತದೆ. 10 ಮೀಟರ್ ಆದರೆ, ಎಂಟೆಂಟು ಮೀಟರಿನ ದಿಣ್ಣೆಗಳು ಸಾಲಾಗಿರುವ ರಸ್ತೆ ಸಮತಟ್ಟು ಎಂದು ಘೋಷಣೆಯಾಗುತ್ತದೆ. ತುಳಿದವರ ತೊಡೆಗಳು ಅದನ್ನು ಒಪ್ಪುವುದಿಲ್ಲ. ಹೋಲಿಸಬೇಕೆಂದಿದ್ದರೆ ಇಬ್ಬರ ದಾಖಲೆಯನ್ನೂ ಒಂದೇ ತಂತ್ರಾಂಶಕ್ಕೆ, ಒಂದೇ ಮಿತಿಗೆ ಕೊಡಿ.

ಕಡಿದುತನದ ಕಥೆಯೂ ಇದೇ. ಐದು ಮೀಟರ್ ಅಂತರದ ಎರಡು ಬಿಂದುಗಳ ನಡುವೆ ಎತ್ತರ ಒಂದು ಮೀಟರ್ ತಪ್ಪಿದರೆ ಶೇಕಡ 20ರ ಏರು ತಾನಾಗಿಯೇ ಹುಟ್ಟುತ್ತದೆ. ನೂರು ಮೀಟರಿಗಿಂತ ಕಡಿಮೆ ಉದ್ದದ ಮೇಲೆ ಲೆಕ್ಕ ಹಾಕಿದ ಕಡಿದುತನವನ್ನು ನಾನು ನಂಬುವುದಿಲ್ಲ.

ಚಿತ್ರ ಬರೆಯುವಾಗಿನ ಚಮತ್ಕಾರಗಳೇನೂ ಕಡಿಮೆಯಿಲ್ಲ. 50 ಕಿಲೋಮೀಟರ್ ಹಾದಿಯನ್ನು ಒಂದು ಮೀಟರ್ ಅಗಲದ ಹಾಳೆಯಲ್ಲಿ ನಿಜ ಪ್ರಮಾಣದಲ್ಲಿ ಬರೆದರೆ 500 ಮೀಟರಿನ ಬೆಟ್ಟ ಬರಿಯ ಒಂದು ಸೆಂಟಿಮೀಟರ್. ಹಾಗಾಗಿ ಎತ್ತರವನ್ನು ಹತ್ತಿಪ್ಪತ್ತು ಪಟ್ಟು ಹಿಗ್ಗಿಸುವುದು ಅನಿವಾರ್ಯ. ತಕರಾರಿರುವುದು ತಂತ್ರಾಂಶವೇ ಹಿಗ್ಗಿಸಿ ಪರದೆ ತುಂಬಿಸುವ ಬಗ್ಗೆ: ಆಗ 60 ಮೀಟರಿನ ದಿಬ್ಬವೂ 900 ಮೀಟರಿನ ಘಟ್ಟವೂ ಅವಳಿಗಳಂತೆ ಕಾಣುತ್ತವೆ. ನಿಮ್ಮ ಎಲ್ಲ ಚಿತ್ರಗಳಿಗೂ ಒಂದೇ ಪ್ರಮಾಣ ಇಡಿ. ಅಡಿಯ ಅಕ್ಷದಲ್ಲಿ ದೂರವಿರಲಿ. ಸಮಯವಿಟ್ಟರೆ ನಿಧಾನವಾಗಿ ಹತ್ತಿದ ಏರು ಉದ್ದವಾಗಿಯೂ ರಭಸದ ಇಳಿಜಾರು ಗೋಡೆಯಂತೆಯೂ ಕಾಣುತ್ತದೆ.

ಹಂಚುವಾಗ ಚಿತ್ರದ ಜೊತೆಗೆ ಜಿಪಿಎಕ್ಸ್ ಕಡತವನ್ನೂ ಕೊಡಿ. 2002ರಿಂದ ಬಳಕೆಯಲ್ಲಿರುವ ಈ ಮಾದರಿಯಲ್ಲಿ ಪ್ರತಿ ಬಿಂದುವಿನ ಸ್ಥಾನದೊಂದಿಗೆ ಎತ್ತರ, ಸಮಯಗಳನ್ನೂ ಬರೆದಿಡಬಹುದು. ಪಡೆದವರು ತಮಗೆ ಬೇಕಾದ ಮಿತಿಯಲ್ಲಿ ಮತ್ತೆ ಲೆಕ್ಕ ಹಾಕಿಕೊಳ್ಳುತ್ತಾರೆ. ತಂತ್ರಾಂಶ ಅಲುಗಾಟಗಳನ್ನು ಸವರಿ ನುಣುಪು ಮಾಡುವ ಮೊದಲಿನ ಪ್ರತಿಯೇ ಇರಲಿ. ಎತ್ತರ ವಾಯುಭಾರದ್ದೋ ಉಪಗ್ರಹದ್ದೋ ಎಂದು ಒಂದು ಸಾಲು ಸೇರಿಸಿ. ಆದರೆ ಅದೇ ಕಡತ ನಿಮ್ಮ ಮನೆಯ ಬಾಗಿಲನ್ನೂ ನೀವು ಹೊರಡುವ ಹೊತ್ತನ್ನೂ ಹೇಳಿಬಿಡುತ್ತದೆ. 2018ರಲ್ಲಿ, ಸವಾರಿ-ಓಟಗಳನ್ನು ದಾಖಲಿಸಿ ಹಂಚುವ ಸ್ಟ್ರಾವಾ ತಂತ್ರಾಂಶದ ಜಾಗತಿಕ ನಕ್ಷೆಯಲ್ಲಿ ಸೈನಿಕ ನೆಲೆಗಳ ಒಳದಾರಿಗಳು ಬೆಳಗಿದ್ದು ಸುದ್ದಿಯಾಗಿತ್ತು. ಮೊದಲ ಮತ್ತು ಕೊನೆಯ ಒಂದೊಂದು ಕಿಲೋಮೀಟರ್ ಕತ್ತರಿಸಿಯೇ ಕಳುಹಿಸಿ. ಒಟ್ಟು ಏರಿನಲ್ಲಿ ಹತ್ತಿಪ್ಪತ್ತು ಮೀಟರ್ ಕಡಿಮೆ ಬಂದೀತು, ಬರಲಿ ಬಿಡಿ.